ತಂತಿ ಕಿತ್ತರೆ ಏನಾಗುತ್ತದೆ?

ಕಾರ್ಖಾನೆ ನಡೆಸುವ ಓದುಗರು ಈ ಅಂಕಣಕ್ಕೆ ಬರೆದು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಊರು ಬದಲಾದರೂ ಬದಲಾಗುವುದಿಲ್ಲ. ಪೀಣ್ಯದವರೂ ಅದನ್ನೇ ಕೇಳುತ್ತಾರೆ, ಬೆಳಗಾವಿಯ ಉದ್ಯಮಬಾಗದವರೂ ಅದನ್ನೇ ಕೇಳುತ್ತಾರೆ. ಆಟೊಮೇಷನ್ ಮಾಡಿಸಬೇಕೆಂದು ಕೊಟೇಷನ್ ತರಿಸಿರುತ್ತಾರೆ. ಯಂತ್ರ ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರಿಗೆ ಇಷ್ಟು, ಪ್ಯಾನೆಲ್‌ಗೆ ಇಷ್ಟು, ಸೆನ್ಸರ್‌ಗಳಿಗೆ ಇಷ್ಟು, ಕೇಬಲ್‌ಗೆ ಇಷ್ಟು ಎಂದು ಅದರಲ್ಲಿ ಬಿಡಿಬಿಡಿಯಾಗಿ ಬರೆದಿರುತ್ತದೆ. ಅದೆಲ್ಲ ಕಣ್ಣಿಗೆ ಕಾಣುವ ಸಾಮಾನು, ಚೌಕಾಸಿಗೂ ಸಿಗುತ್ತದೆ. ಕೊನೆಯಲ್ಲಿ ಮಾತ್ರ ‘ಎಂಜಿನಿಯರಿಂಗ್, ಪ್ರೋಗ್ರಾಮಿಂಗ್ ಮತ್ತು ಕಮಿಷನಿಂಗ್’ ಎಂಬ ಒಂದೇ ಸಾಲು, ಅದರೆದುರು ದೊಡ್ಡ ಮೊತ್ತ. “ಪೆಟ್ಟಿಗೆಗಿಂತ ಪೆಟ್ಟಿಗೆ ಕೂರಿಸೋನ ಕೂಲಿನೇ ಜಾಸ್ತಿ ಅಂದ್ರೆ ಹೇಗೆ ಸಾರ್? ಈ ಸಾಲನ್ನ ಹೊಡೆದು ಹಾಕಿದ್ರೆ ಏನಾಗುತ್ತೆ?”

ನನ್ನ ದುಡಿಮೆಯ ಬಹುಪಾಲು ಕಳೆದದ್ದು ಆ ಒಂದು ಸಾಲಿನೊಳಗೇ. ಹಾಗಾಗಿ ನನ್ನ ಉತ್ತರದಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಕ್ಷಮಿಸಿ. ನನ್ನ ಮಟ್ಟಿಗೆ ಕೊಟೇಷನ್‌ನ ಉಳಿದ ಸಾಲುಗಳೆಲ್ಲ ಅಂಗಡಿಯಲ್ಲಿ ಸಿಗುವ ವಸ್ತುಗಳು. ನೀವು ನಿಜವಾಗಿ ಕೊಳ್ಳುತ್ತಿರುವುದು ಆ ಕೊನೆಯ ಸಾಲನ್ನು. ಎಲ್ಲ ಸರಿಯಿದ್ದಾಗ ಯಂತ್ರ ಓಡಿಸುವ ಪ್ರೋಗ್ರಾಮನ್ನು ಡಿಪ್ಲೊಮಾ ಮುಗಿಸಿದ ಚುರುಕು ಹುಡುಗನೊಬ್ಬ ಬರೆದುಬಿಡಬಲ್ಲ. ಏನಾದರೂ ಕೆಟ್ಟಾಗ ಯಂತ್ರ ಹೇಗೆ ನಡೆದುಕೊಳ್ಳಬೇಕು ಎಂದು ಮುಂಚೆಯೇ ಯೋಚಿಸಿ, ಬರೆದು, ಪರೀಕ್ಷಿಸಿ ಕೊಡುವುದೇ ಎಂಜಿನಿಯರಿಂಗ್ ಸೇವೆ. ಹಣ ಅದಕ್ಕೆ.

ನಮಗೆಲ್ಲ ಗೊತ್ತಿರುವ ಹಾಲಿನ ಡೇರಿಯನ್ನೇ ತೆಗೆದುಕೊಳ್ಳೋಣ. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಆ ಬಿಸಿಯಲ್ಲಿ 15 ಸೆಕೆಂಡು ಹಿಡಿದಿಡಬೇಕು. ಹಾಲು ಹರಿಯುತ್ತಲೇ ಇರುತ್ತದೆ. ಹೋಲ್ಡಿಂಗ್ ಟ್ಯೂಬ್ ಎಂಬ ಕೊಳವೆಯನ್ನು ದಾಟಲು ಅದಕ್ಕೆ 15 ಸೆಕೆಂಡು ಬೇಕಾಗುವಂತೆ ಉದ್ದ ಲೆಕ್ಕಹಾಕಿರುತ್ತಾರೆ. ಆ ಕೊಳವೆಯ ಕೊನೆಯಲ್ಲಿ ಒಂದು ಉಷ್ಣತೆಯ ಸೆನ್ಸರ್, ಅದರ ಮುಂದೆ ಫ್ಲೋ ಡೈವರ್ಷನ್ ವಾಲ್ವ್. ಬಿಸಿ ಸಾಕಷ್ಟಿದ್ದರೆ ವಾಲ್ವ್ ಹಾಲನ್ನು ಮುಂದಕ್ಕೆ ಬಿಡುತ್ತದೆ. ಕಡಿಮೆಯಾದರೆ ಮತ್ತೆ ಕಾಯಲಿ ಎಂದು ಹಿಂದಿನ ಬ್ಯಾಲೆನ್ಸ್ ಟ್ಯಾಂಕ್‌ಗೆ ತಿರುಗಿಸುತ್ತದೆ. ಅಳೆಯುವ ಸೆನ್ಸರ್, ತೀರ್ಮಾನಿಸುವ ಕಂಟ್ರೋಲರ್, ಆಜ್ಞೆ ಪಾಲಿಸುವ ವಾಲ್ವ್. ಸಿಮೆಂಟ್ ಕಾರ್ಖಾನೆಯಿರಲಿ, ಸಕ್ಕರೆ ಕಾರ್ಖಾನೆಯಿರಲಿ, ಮಂಗಳೂರಿನ ತೈಲ ಸಂಸ್ಕರಣಾಗಾರವಿರಲಿ, ಎಲ್ಲ ನಿಯಂತ್ರಣ ವ್ಯವಸ್ಥೆಗಳೂ ಈ ಮೂರರ ಸರಪಳಿಯೇ. ಅದನ್ನೇ ಲೂಪ್ ಎನ್ನುತ್ತಾರೆ.

ಇಷ್ಟಕ್ಕೆ ಪ್ರೋಗ್ರಾಮ್ ಬರೆಯುವುದು ಅರ್ಧ ಗಂಟೆಯ ಕೆಲಸ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಕಂಪ್ರೆಸರ್ ನಿಂತು ವಾಲ್ವ್ ನಡೆಸುವ ಗಾಳಿಯ ಒತ್ತಡ ಬರದಿದ್ದರೆ? ಆಗ ವಾಲ್ವ್‌ನೊಳಗಿನ ಸ್ಪ್ರಿಂಗ್ ತಾನಾಗಿಯೇ ಅದನ್ನು ಹಾಲು ಹಿಂದಿರುಗಿಸುವ ಸ್ಥಾನಕ್ಕೆ ತಳ್ಳಬೇಕು. ಕರೆಂಟ್ ಹೋದರೂ ಅಷ್ಟೇ. ವಾಲ್ವ್ ಆರ್ಡರ್ ಮಾಡುವಾಗಲೇ ಸ್ಪ್ರಿಂಗ್ ಯಾವ ಕಡೆಗೆ ತಳ್ಳಬೇಕೆಂದು ಬರೆದು ಕಳಿಸಬೇಕು. ಮರೆತರೆ ಪ್ರೋಗ್ರಾಮ್ ಎಷ್ಟೇ ಚೆನ್ನಾಗಿದ್ದರೂ ಸರಿಯಾಗಿ ಕಾಯದ ಹಾಲು ಪ್ಯಾಕಿಂಗ್‌ಗೆ ಹೋಗುವ ದಾರಿ ತೆರೆದೇ ಇರುತ್ತದೆ.

ಇನ್ನು ಸೆನ್ಸರ್‌ನ ತಂತಿಯೇ ಕಡಿದರೆ? ಡೇರಿಗಳಲ್ಲಿ ಸಾಮಾನ್ಯವಾಗಿ ಬಳಸುವುದು ಪಿಟಿ-100 ಎಂಬ ಪ್ಲಾಟಿನಂ ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ 100 ಓಮ್. ಬಿಸಿಯಾದಂತೆ ಏರುತ್ತಾ 72 ಡಿಗ್ರಿಗೆ ಸುಮಾರು 128 ಓಮ್ ಆಗುತ್ತದೆ. ತಂತಿ ಕಡಿದರೆ ರೋಧ ಮಿತಿಯಿಲ್ಲದಷ್ಟು ಏರುತ್ತದೆ. ಮುಂದಾಲೋಚನೆ ಇಲ್ಲದೆ ಹೊಂದಿಸಿದ ಕಂಟ್ರೋಲರ್ ಅದನ್ನು ನೋಡಿ ‘ಹಾಲು ಭಾರಿ ಬಿಸಿಯಾಗಿದೆ’ ಎಂದುಕೊಂಡು ವಾಲ್ವ್ ತೆರೆದೇ ಇಡುತ್ತದೆ! ಆದ್ದರಿಂದ ತಂತಿ ಕಡಿದರೆ ಕನಿಷ್ಠ ಉಷ್ಣತೆ ಎಂದೇ ಓದಬೇಕೆಂದು ಇಲ್ಲಿ ಸೆಟ್ ಮಾಡಬೇಕು. ಇದೇ ಸಾಲಿನಲ್ಲಿ ಇನ್ನೊಂದು ಸೆನ್ಸರ್ ಇರುತ್ತದೆ, ಹಾಲು ಕಾಯಿಸುವ ಉಗಿಯ ವಾಲ್ವ್ ಎಷ್ಟು ತೆರೆಯಬೇಕೆಂದು ಹೇಳುವುದಕ್ಕೆ. ಅದರ ತಂತಿ ಕಡಿದಾಗ ಕನಿಷ್ಠ ಎಂದು ಓದಿದರೆ ಕಂಟ್ರೋಲರ್ ಉಗಿಯನ್ನು ಪೂರ್ತಿ ಬಿಟ್ಟು ಹಾಲನ್ನು ಸೀದಿಸುತ್ತದೆ. ಅಲ್ಲಿ ಗರಿಷ್ಠ ಎಂದೇ ಓದಬೇಕು, ಉಗಿ ಮುಚ್ಚಬೇಕು. ಒಂದೇ ಬಗೆಯ ಸೆನ್ಸರ್, ಒಂದೇ ಬಗೆಯ ಕೆಡುಕು, ಎರಡು ಕಡೆ ತದ್ವಿರುದ್ಧ ತೀರ್ಮಾನ. ಸೆನ್ಸರ್ ಮಾರುವ ಅಂಗಡಿಯವನಿಗೆ ಇದು ತಿಳಿಯುವುದಿಲ್ಲ. ಹಾಲಿನ ದಾರಿ ತಿಳಿದು, ಕಾಗದದ ಮೇಲೆ ಬರೆದು ಯೋಚಿಸಿದವನಿಗೆ ಮಾತ್ರ ತಿಳಿಯುತ್ತದೆ.

ಈ ಕ್ಷೇತ್ರದ ಹಳೆಯ ಪದ್ಧತಿಗಳಲ್ಲೂ ಇದೇ ಯೋಚನೆ ಅಡಗಿದೆ. ಟ್ಯಾಂಕಿನ ಮಟ್ಟ, ಒತ್ತಡ, ಹರಿವು ಇವನ್ನೆಲ್ಲ ಕಂಟ್ರೋಲ್ ರೂಮಿಗೆ ತಲುಪಿಸಲು ಜಗತ್ತಿನಾದ್ಯಂತ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹ ಬಳಸುತ್ತಾರೆ. ಟ್ಯಾಂಕು ಖಾಲಿಯಿದ್ದರೆ 4, ತುಂಬಿದ್ದರೆ 20. ಸೊನ್ನೆಯಿಂದಲೇ ಶುರುಮಾಡಬಾರದಿತ್ತೇ? ಮಾಡಿದ್ದರೆ ಖಾಲಿ ಟ್ಯಾಂಕಿಗೂ ಕಡಿದ ತಂತಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಈಗ ಸೊನ್ನೆ ಕಂಡರೆ ಟ್ಯಾಂಕು ಖಾಲಿಯಲ್ಲ, ಸುದ್ದಿಯೇ ಬರುತ್ತಿಲ್ಲ ಎಂದರ್ಥ. ಯಂತ್ರದ ಮೇಲಿನ ಕೆಂಪು ಎಮರ್ಜೆನ್ಸಿ ಸ್ಟಾಪ್ ಗುಂಡಿಯ ಕತೆಯೂ ಹೀಗೆಯೇ. ಗುಂಡಿ ಒತ್ತಿದಾಗ ಕರೆಂಟ್ ಹರಿಯಲು ಶುರುವಾಗುವುದಲ್ಲ, ಹರಿಯುತ್ತಿದ್ದದ್ದು ನಿಲ್ಲುತ್ತದೆ. ಸದಾ ಹರಿಯುತ್ತಿರುವ ಕರೆಂಟೇ ಯಂತ್ರಕ್ಕೆ ಓಡಲು ಅಪ್ಪಣೆ. ಇಲಿ ತಂತಿ ಕಡಿದರೂ ಗುಂಡಿ ಒತ್ತಿದಷ್ಟೇ ಖಚಿತವಾಗಿ ಯಂತ್ರ ನಿಲ್ಲುತ್ತದೆ.

ಇಂಥ ಯೋಚನೆ ಎಲೆಕ್ಟ್ರಾನಿಕ್ಸ್ ಬರುವ ಮೊದಲೂ ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿ ಪೇಟೆಂಟ್ ಪಡೆದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಟ್ಟವು. ಮುಂದೆ ಗ್ವಾಲಿಯರಿನ ತಿಘ್ರಾದಲ್ಲೂ ನಮ್ಮ ಕನ್ನಂಬಾಡಿಯಲ್ಲೂ ಅದೇ ತತ್ತ್ವದ ಗೇಟುಗಳು ಬಂದವು. ನೀರು ನಿಗದಿತ ಮಟ್ಟ ಮೀರಿದರೆ ಗೇಟು ತಾನಾಗಿ ತೆರೆಯಬೇಕು, ಪ್ರವಾಹ ಇಳಿದರೆ ತಾನಾಗಿ ಮುಚ್ಚಬೇಕು. ಅದಕ್ಕೆ ಬೇಕಾದ ಬಲ ನೀರಿನಿಂದಲೂ ಸಮತೂಕದ ಭಾರದಿಂದಲೂ ಸಿಗಬೇಕು. ನಡುರಾತ್ರಿ ಪ್ರವಾಹ ಬಂದು, ಗೇಟು ಎತ್ತುವವರು ಸಮಯಕ್ಕೆ ತಲುಪದೆ ಹೋದರೆ ಎಂಬ ಪ್ರಶ್ನೆಗೆ ಅದಕ್ಕಿಂತ ಚೊಕ್ಕ ಉತ್ತರ ಬೇಕೇ?

ಇವತ್ತು ಎಲ್ಲ ಕಾರ್ಖಾನೆಗಳಲ್ಲೂ ಕಾಣುವ ಪಿಎಲ್‌ಸಿ ಹುಟ್ಟಿದ್ದು ಅಮೆರಿಕದ ಕಾರು ಉದ್ಯಮದ ಒಂದು ತಲೆನೋವಿನಿಂದ. ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗದಲ್ಲಿ ಯಂತ್ರಗಳ ತರ್ಕವೆಲ್ಲ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳ ರಾಶಿಯಲ್ಲಿತ್ತು. ಕಾರಿನ ಮಾದರಿ ಬದಲಾದಾಗಲೆಲ್ಲ ವೈರಿಂಗ್ ಬಿಚ್ಚಿ ಮತ್ತೆ ಕಟ್ಟಬೇಕು. 1968ರಲ್ಲಿ ಅವರು ಇದಕ್ಕೆ ಪರ್ಯಾಯ ಕೇಳಿದರು. ಡಿಕ್ ಮೋರ್ಲಿ ಮತ್ತು ಅವರ ಬೆಡ್‌ಫೋರ್ಡ್ ಅಸೋಸಿಯೇಟ್ಸ್ ಸಂಗಡಿಗರು ಕೊಟ್ಟ ಉತ್ತರವೇ ಮೋಡಿಕಾನ್ 084. ಅದು ಅವರ 84ನೇ ಪ್ರಾಜೆಕ್ಟ್ ಆದ್ದರಿಂದ ಆ ಸಂಖ್ಯೆ. ಅದರ ಪ್ರೋಗ್ರಾಮನ್ನು ಏಣಿಯಂತೆ ಕಾಣುವ ಲ್ಯಾಡರ್ ಚಿತ್ರವಾಗಿ ಬರೆಯುತ್ತಿದ್ದರು. ಈಗಲೂ ಬಹಳ ಕಡೆ ಹಾಗೆಯೇ ಬರೆಯುತ್ತಾರೆ. ರಿಲೇ ಸರ್ಕ್ಯೂಟ್ ಓದಬಲ್ಲ ಎಲೆಕ್ಟ್ರಿಷಿಯನ್ ಅದನ್ನೂ ಓದಬಲ್ಲ. ಯಂತ್ರದ ತರ್ಕ ಅಲ್ಲೇ ಪಾಳಿಯಲ್ಲಿ ನಿಂತಿರುವ ಮನುಷ್ಯನಿಗೆ ಅರ್ಥವಾಗಬೇಕು ಎಂಬ ಆ ಹಟ ನನಗೆ ಬಹಳ ಇಷ್ಟ. ನಮ್ಮಲ್ಲಿ ಅದು ಈಚೆಗೆ ಸಡಿಲವಾಗುತ್ತಿದೆ.

ಹಾಗಾದರೆ ಆ ದೊಡ್ಡ ಮೊತ್ತಕ್ಕೆ ನಿಮ್ಮ ಕೈಗೆ ಏನೇನು ಬರಬೇಕು? ಮೊದಲಿಗೆ ‘ಕಂಟ್ರೋಲ್ ಫಿಲಾಸಫಿ’ ಎಂಬ ದಾಖಲೆ. ಹೆಸರು ಕೇಳಿ ಹೆದರಬೇಡಿ. ಯಂತ್ರ ಯಾವಾಗ ಏನು ಮಾಡಬೇಕು, ಯಾವಾಗ ಏನು ಮಾಡಲೇಬಾರದು ಎಂದು ಸರಳ ವಾಕ್ಯಗಳಲ್ಲಿ ಬರೆದ ಪುಸ್ತಿಕೆ ಅದು. ನಿಮ್ಮ ಫೋರ್‌ಮನ್‌ಗೆ ಅದು ಅರ್ಥವಾಗದಿದ್ದರೆ ಬರೆದವರಿಗೆ ವಾಪಸ್ ಕಳಿಸಿ. ಆಮೇಲೆ ಪ್ರತಿ ಸೆನ್ಸರ್, ಪ್ರತಿ ವಾಲ್ವ್‌ನ ಹೆಸರುಳ್ಳ ಐ/ಒ ಪಟ್ಟಿ, ಯಾವ ಕಾರಣಕ್ಕೆ ಯಾವುದು ನಿಲ್ಲಬೇಕೆಂಬ ಇಂಟರ್‌ಲಾಕ್ ಕೋಷ್ಟಕ, ಪ್ಯಾನೆಲ್‌ನ ಡ್ರಾಯಿಂಗ್. ಪ್ಯಾನೆಲ್ ನಿಮ್ಮಲ್ಲಿಗೆ ಹೊರಡುವ ಮೊದಲು ಅವರ ಶೆಡ್‌ನಲ್ಲೇ ನಡೆಯುವ ಪರೀಕ್ಷೆಯನ್ನು ಎಫ್‌ಎಟಿ ಎನ್ನುತ್ತಾರೆ. ಕೊನೆಗೆ ಸೈಟ್‌ನಲ್ಲಿ ಲೂಪ್ ಚೆಕ್, ಕಮಿಷನಿಂಗ್.

ಎಫ್‌ಎಟಿಗೆ ಬರುವ ಗ್ರಾಹಕರನ್ನು ನಾನು ಬಹಳ ಕಂಡಿದ್ದೇನೆ. ಹೆಚ್ಚಿನವರು ಪರದೆಯ ಮೇಲೆ ಹಸಿರು ದೀಪ ಬೆಳಗುವುದನ್ನು ನೋಡಿ, ಊಟ ಮಾಡಿ, ಸಹಿ ಹಾಕಿ ಹೋಗುತ್ತಾರೆ. ಒಮ್ಮೆ ಸಾಹೇಬರ ಜೊತೆ ಬಂದಿದ್ದ ಹಿರಿಯ ಫೋರ್‌ಮನ್ ಒಬ್ಬರು ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು. “ಅದೆಲ್ಲ ಸರಿ ಸಾರ್, ಕರೆಂಟ್ ಹೋಗಿ ಮತ್ತೆ ಬಂದ್ರೆ ಮೋಟ್ರು ತಾನೇ ಸ್ಟಾರ್ಟ್ ಆಗುತ್ತಾ? ನಮ್ಮ ಹುಡುಗರು ಕರೆಂಟ್ ಹೋದಾಗಲೇ ಮಿಕ್ಸರ್ ಒಳಗೆ ಕೈ ಹಾಕಿ ಕೆರೆಯೋದು.” ಇಡೀ ದಿನದ ಪರೀಕ್ಷೆಯಲ್ಲಿ ಅದಕ್ಕಿಂತ ಬೆಲೆಬಾಳುವ ಮಾತು ಬರಲಿಲ್ಲ. ನೀರಿನ ಟ್ಯಾಂಕಿನ ಪಂಪು ಕರೆಂಟ್ ಬಂದಾಗ ತಾನಾಗಿ ಶುರುವಾದರೆ ಅನುಕೂಲ. ಮಿಕ್ಸರ್ ಹಾಗೆ ಶುರುವಾದರೆ ಕೈ ಹೋಗುತ್ತದೆ. ಎರಡೂ ಮೋಟಾರೇ. ಯಾವುದು ಯಾವ ಜಾತಿಯದೆಂದು ಹೇಳಬಲ್ಲವರು ಅದರ ಪಕ್ಕ ನಿಂತು ಕೆಲಸ ಮಾಡಿದವರೇ.

ಕರೆಂಟ್ ಹೋಗುವ ಮಾತು ಬಂದದ್ದರಿಂದ ಬೆಂಗಳೂರಿನ ನೀರನ್ನೂ ನೆನೆಯಬೇಕು. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಪಂಪಿಂಗ್ ಕೇಂದ್ರಗಳ ಮೂಲಕ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ನಗರಕ್ಕೆ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರೆತ್ತಲು ರೂಪುಗೊಂಡದ್ದು. ಇಂಥ ಕೊಳವೆಯಲ್ಲಿ ಪಂಪು ಹಠಾತ್ತನೆ ನಿಂತರೆ ಮೇಲೇರುತ್ತಿದ್ದ ನೀರಿನ ಕಂಬ ಹಿಂದಕ್ಕೆ ಹೊರಳಿ ಬಂದು ಬಡಿಯುತ್ತದೆ. ಎಂಜಿನಿಯರುಗಳು ಅದನ್ನು ವಾಟರ್ ಹ್ಯಾಮರ್ ಎನ್ನುತ್ತಾರೆ. ದಪ್ಪ ಉಕ್ಕಿನ ಕೊಳವೆಯನ್ನೂ ಒಡೆಯಬಲ್ಲ ಹೊಡೆತ. ಹಾಗಾಗಿ ವಾಲ್ವ್ ಎಷ್ಟು ವೇಗದಲ್ಲಿ ಮುಚ್ಚಬೇಕು, ಒತ್ತಡವನ್ನು ಎಲ್ಲಿ ತಗ್ಗಿಸಬೇಕು, ಕರೆಂಟ್ ಬಂದ ಮೇಲೆ ಪಂಪುಗಳು ಯಾವ ಕ್ರಮದಲ್ಲಿ ಏಳಬೇಕು ಎಂಬುದನ್ನೆಲ್ಲ ಮೊದಲೇ ಲೆಕ್ಕಹಾಕಿಡಬೇಕು. ಇಂಥ ಸಾಲುಗಳಲ್ಲಿ ಪಂಪು ಓಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟದ ವಿದ್ಯೆ.

ಈ ಯೋಚನೆಯಲ್ಲಿ ಸಡಿಲ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆಕ್ಸಾಸ್ ಸಿಟಿಯ ದುರಂತವನ್ನು ಈ ವೃತ್ತಿಯವರೆಲ್ಲ ಓದಿರಬೇಕು. 2005ರ ಮಾರ್ಚ್ 23ರಂದು ಬಿಪಿ ಕಂಪನಿಯ ತೈಲ ಸಂಸ್ಕರಣಾಗಾರದಲ್ಲಿ ಒಂದು ಘಟಕವನ್ನು ಮರುಚಾಲನೆ ಮಾಡುತ್ತಿದ್ದರು. ಎತ್ತರದ ಗೋಪುರವೊಂದರಲ್ಲಿ ದ್ರವ ಮಿತಿಮೀರಿ ಏರುತ್ತಿತ್ತು. ಆದರೆ ಮಟ್ಟ ಅಳೆಯುವ ಟ್ರಾನ್ಸ್‌ಮಿಟರ್ ಕಂಟ್ರೋಲ್ ರೂಮಿನಲ್ಲಿ ಅದು ನಿಧಾನವಾಗಿ ಇಳಿಯುತ್ತಿದೆಯೆಂದು ತೋರಿಸುತ್ತಿತ್ತು; ಪ್ರತ್ಯೇಕವಾಗಿದ್ದ ಎಚ್ಚರಿಕೆಯ ಅಲಾರಂ ಕೂಗಲೇ ಇಲ್ಲ. ದ್ರವ ಉಕ್ಕಿ ಹೊರಚೆಲ್ಲಿ, ಆವಿಗೆ ಬೆಂಕಿ ತಗುಲಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಅಲ್ಲಿ ತಪ್ಪುಗಳು ಹಲವು ಇದ್ದವು. ಆದರೂ ನನ್ನನ್ನು ಕಾಡುವುದು ಆಪರೇಟರ್ ಎದುರಿನ ಆ ಸಂಖ್ಯೆ. ಸತ್ತ ಸೆನ್ಸರ್ ಅಷ್ಟು ಅಪಾಯಕಾರಿಯಲ್ಲ, ಅದನ್ನು ಹಿಡಿಯಬಹುದು. ನಂಬುವಂಥ ಸುಳ್ಳು ಹೇಳುವ ಸೆನ್ಸರ್ ಅಪಾಯಕಾರಿ. ಗೋಪುರಕ್ಕೆ ಒಳಹೋದದ್ದೆಷ್ಟು, ಹೊರಬಂದದ್ದೆಷ್ಟು ಎಂದು ಪಕ್ಕದಲ್ಲೇ ಲೆಕ್ಕ ತೋರಿಸುವ ಒಂದು ಪರದೆ ಇದ್ದಿದ್ದರೆ ಆ ಸುಳ್ಳು ಬಯಲಾಗುವ ಸಾಧ್ಯತೆ ಇತ್ತು.

ಇನ್ನು ಟ್ಯೂನಿಂಗ್. ಹೆಚ್ಚಿನ ಲೂಪ್‌ಗಳನ್ನು ನಡೆಸುವುದು ಪಿಐಡಿ ಎಂಬ ಸೂತ್ರ. ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವರು ಕೊಪ್ಪರಿಗೆಯ ನೊರೆ ಎಷ್ಟು ಮೇಲಿದೆ, ಎಷ್ಟು ಹೊತ್ತಿನಿಂದ ಹಾಗೇ ಇದೆ, ಎಷ್ಟು ಬೇಗ ಏರುತ್ತಿದೆ ಎಂಬ ಮೂರನ್ನೂ ನೋಡಿ ಬೆಂಕಿ ಹೆಚ್ಚುಕಡಿಮೆ ಮಾಡುತ್ತಾರಲ್ಲ, ಪಿಐಡಿ ಮಾಡುವುದೂ ಅದನ್ನೇ. ಮೂರಕ್ಕೂ ಎಷ್ಟೆಷ್ಟು ತೂಕ ಕೊಡಬೇಕೆಂದು ಹೊಂದಿಸುವುದೇ ಟ್ಯೂನಿಂಗ್. ಅದಕ್ಕೆ ಝೀಗ್ಲರ್ ಮತ್ತು ನಿಕೋಲ್ಸ್ ಎಂಬಿಬ್ಬರು 1942ರಲ್ಲೇ ವಿಧಾನ ಬರೆದಿಟ್ಟಿದ್ದಾರೆ. ಆದರೂ ಸೈಟ್‌ನಲ್ಲಿ ಪ್ರಕ್ರಿಯೆಯ ಪಕ್ಕ ಕುಳಿತು ತಾಳ್ಮೆಯಿಂದ ಮಾಡದಿದ್ದರೆ ವಾಲ್ವ್ ಅತ್ತಿತ್ತ ಓಲಾಡುತ್ತದೆ. ಬೇಸತ್ತ ಆಪರೇಟರ್ ಅದನ್ನು ‘ಮ್ಯಾನುಯಲ್’ಗೆ ಹಾಕಿ ಮೊದಲಿನಂತೆ ಕೈಯಲ್ಲೇ ತಿರುಗಿಸುತ್ತಾನೆ. ಲಕ್ಷಾಂತರ ರೂಪಾಯಿ ಸುರಿದ ಕಾರ್ಖಾನೆಗಳಲ್ಲೂ ಇಂಥ ಲೂಪ್‌ಗಳನ್ನು ಕಂಡಿದ್ದೇನೆ. ನಿಮ್ಮಲ್ಲಿ ಎಷ್ಟು ಲೂಪ್ ಮ್ಯಾನುಯಲ್‌ನಲ್ಲಿವೆ ಎಂದು ಇವತ್ತೇ ಎಣಿಸಿ ನೋಡಿ. ಕಮಿಷನಿಂಗ್ ಮುಗಿದಿದೆಯೋ ಇಲ್ಲವೋ ಎಂದು ಆ ಸಂಖ್ಯೆಯೇ ಹೇಳುತ್ತದೆ.

ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಪ್ರೋಗ್ರಾಮಿಗೆ ಬೀಗ ಹಾಕುವ ಚಾಳಿಯಿಂದ. ಒಂದು ಸಣ್ಣ ಕಾರ್ಖಾನೆಯಲ್ಲಿ ಪಿಎಲ್‌ಸಿ ಸುಟ್ಟುಹೋಗಿ ನನ್ನನ್ನು ಕರೆಸಿದ್ದರು. ಹೊಸ ಪಿಎಲ್‌ಸಿ ಮರುದಿನವೇ ಸಿಕ್ಕಿತು. ಒಳಗೆ ಹಾಕಲು ಪ್ರೋಗ್ರಾಮ್ ಇರಲಿಲ್ಲ. ಬರೆದ ಸಂಸ್ಥೆ ಮುಚ್ಚಿಹೋಗಿತ್ತು, ಬರೆದ ಹುಡುಗ ಊರು ಬಿಟ್ಟಿದ್ದ. ಕೊಟ್ಟ ಸಿಡಿಯಲ್ಲಿದ್ದದ್ದು ಪಾಸ್‌ವರ್ಡ್ ಹಾಕಿದ ಫೈಲ್. ಡ್ರಾಯಿಂಗ್ ಒಂದಿತ್ತು, ಪ್ಯಾನೆಲ್‌ನೊಳಗಿನ ವೈರಿಂಗ್‌ಗೆ ಅದು ಹೊಂದುತ್ತಿರಲಿಲ್ಲ. ಆಪರೇಟರ್‌ಗಳನ್ನು ಕೂರಿಸಿಕೊಂಡು, ಯಂತ್ರ ಹಿಂದೆ ಹೇಗೆ ನಡೆಯುತ್ತಿತ್ತು ಎಂದು ಕೇಳಿಕೇಳಿ ತರ್ಕವನ್ನೆಲ್ಲ ಮತ್ತೆ ಕಟ್ಟಬೇಕಾಯಿತು. ಮಾಲೀಕರು ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೊಟ್ಟರು. ಪಾಸ್‌ವರ್ಡ್ ಕೊಟ್ಟರೆ ಗಿರಾಕಿ ಕೈತಪ್ಪುತ್ತಾನೆ ಎಂದು ಲೆಕ್ಕ ಹಾಕುವ ಸಂಸ್ಥೆಗಳಿವೆ. ಒಳ್ಳೆಯ ಕೆಲಸ ಮಾಡಿದವರನ್ನು ಗಿರಾಕಿ ತಾನಾಗಿ ಮತ್ತೆ ಕರೆಯುತ್ತಾನೆ ಎಂಬುದು ನನ್ನ ಅನುಭವ. ಆದ್ದರಿಂದ ಆರ್ಡರ್ ಕೊಡುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ: ಟಿಪ್ಪಣಿಗಳಿರುವ ಮೂಲ ಪ್ರೋಗ್ರಾಮ್, ಎಲ್ಲ ಪಾಸ್‌ವರ್ಡ್‌ಗಳು, ಸೈಟ್‌ನಲ್ಲಿ ಆದ ಬದಲಾವಣೆಗಳನ್ನೂ ಸೇರಿಸಿ ತಿದ್ದಿದ ಕೊನೆಯ ಡ್ರಾಯಿಂಗ್. ಟಿಪ್ಪಣಿ ಏಕೆಂದರೆ, ಹಳೆಯ ಪಿಎಲ್‌ಸಿಗಳಿಂದ ಪ್ರೋಗ್ರಾಮ್ ಹೊರತೆಗೆದರೂ ಅದರಲ್ಲಿ ಟಿಪ್ಪಣಿಗಳು ಇರುವುದಿಲ್ಲ; ಹೆಸರಿಲ್ಲದ ಸಂಖ್ಯೆಗಳ ಕಾಡಿನಲ್ಲಿ ನೀವೇ ದಾರಿ ಹುಡುಕಬೇಕು.

ದೂರದಿಂದಲೇ ರಿಪೇರಿ ಮಾಡುತ್ತೇವೆ, ಇಂಟರ್‌ನೆಟ್ ಕೊಡಿ ಎಂದು ಈಗ ಎಲ್ಲರೂ ಕೇಳುತ್ತಾರೆ. ಕೊಡಬೇಡಿ ಎನ್ನುವುದಿಲ್ಲ, ಆದರೆ ಬಾಗಿಲು ಸದಾ ತೆರೆದಿಡಬೇಡಿ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ಪ್ರೋಗ್ರಾಮ್ ಇರಾನಿನ ನತಾಂಜ್‌ನ ಅಣು ಘಟಕದಲ್ಲಿ ಪಿಎಲ್‌ಸಿಗಳೊಳಗೆ ಹೊಕ್ಕು ಸೆಂಟ್ರಿಫ್ಯೂಜ್‌ಗಳ ವೇಗ ಕೆಡಿಸಿತು. ಪರದೆಯ ಮೇಲೆ ಮಾತ್ರ ಎಲ್ಲ ಸರಿಯಿದೆ ಎಂದೇ ತೋರುತ್ತಿತ್ತು. ನಿಮ್ಮ ಕಾರ್ಖಾನೆಯ ಮೇಲೆ ಅಂಥ ದಾಳಿ ನಡೆಯಲಾರದು. ಆದರೆ ಕೆಲಸ ಬಿಟ್ಟು ಹೋದವನ ಪಾಸ್‌ವರ್ಡ್ ಇನ್ನೂ ನಡೆಯುತ್ತಿದೆಯೇ ಎಂದು ನೋಡಲು ದೊಡ್ಡ ತಜ್ಞರೇನೂ ಬೇಕಿಲ್ಲ.

‘ಇದರಿಂದ ಕೆಲಸ ಹೋಗುವುದಿಲ್ಲವೇ’ ಎಂದು ಕೇಳುವವರಿಗೂ ಒಂದು ಮಾತು. ಕೆಲವು ಕೆಲಸ ಹೋಗುತ್ತವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬಿಸಿಯಲ್ಲಿ, ದೂಳಿನಲ್ಲಿ, ಮೂಟೆ ಹೊತ್ತು ಮಾಡುವ ಕೆಲಸ ಹೋದರೆ ನನಗೆ ಬೇಸರವಿಲ್ಲ. ಆದರೆ ಆಟೊಮೇಷನ್ ಬರುತ್ತಿದೆ ಎಂದು ಹಳೆಯ ಆಪರೇಟರ್‌ನನ್ನು ಮೊದಲೇ ಮನೆಗೆ ಕಳಿಸುವ ಮಾಲೀಕರು ತಮ್ಮ ಕಾಲಿಗೇ ಕೊಡಲಿ ಹಾಕಿಕೊಳ್ಳುತ್ತಾರೆ. ಪ್ರೋಗ್ರಾಮಿನೊಳಗೆ ಹೋಗಬೇಕಾದ ತಿಳಿವಳಿಕೆಯ ಮುಕ್ಕಾಲು ಪಾಲು ಅವನ ಬಳಿಯೇ ಇರುತ್ತದೆ. ಈ ಕ್ಷೇತ್ರಕ್ಕೆ ಬರಬೇಕೆಂದಿರುವ ಹುಡುಗ ಹುಡುಗಿಯರಿಗೂ ಇದೇ ನನ್ನ ಸಲಹೆ: ಸಾಫ್ಟ್‌ವೇರ್ ಕಲಿಯಲು ಕೆಲವು ತಿಂಗಳು ಸಾಕು, ಡ್ರಾಯಿಂಗ್ ಓದಲು ಇನ್ನೂ ಸ್ವಲ್ಪ ಸಮಯ ಬೇಕು. ಪಾಳಿಯವರ ಪಕ್ಕ ನಿಂತು ‘ಇದು ಕೆಟ್ಟರೆ ನೀವೇನು ಮಾಡ್ತೀರಿ ಅಣ್ಣಾ’ ಎಂದು ಕೇಳುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ.

ಮಾಲೀಕರಿಗೆ ನನ್ನ ವಿನಂತಿ ಇಷ್ಟೇ. ಕೊನೆಯ ಬಿಲ್ ಪಾಸ್ ಮಾಡುವ ಮುನ್ನ, ಸಂಸ್ಥೆಯ ಎಂಜಿನಿಯರ್ ಎದುರಿನಲ್ಲೇ, ಅವರು ಸುರಕ್ಷಿತ ಎಂದು ಒಪ್ಪಿದ ಹೊತ್ತಿನಲ್ಲಿ, ಮುಖ್ಯವಾದ ಒಂದೊಂದೇ ಸೆನ್ಸರ್‌ನ ತಂತಿ ಬಿಚ್ಚಿಸಿ ನೋಡಿ. ಗಾಳಿ ನಿಲ್ಲಿಸಿ ನೋಡಿ, ಕರೆಂಟ್ ತೆಗೆದು ಮತ್ತೆ ಹಾಕಿ ನೋಡಿ. ಯಂತ್ರ ದಾಖಲೆಯಲ್ಲಿ ಬರೆದಂತೆಯೇ ನಡೆದುಕೊಂಡರೆ ಖುಷಿಯಿಂದ ಚೆಕ್ ಬರೆಯಿರಿ. ಇಲ್ಲದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ, ಹಣ ತಡೆಹಿಡಿಯಲು ಸಂಕೋಚ ಬೇಡ.